ಮಾತಿನಲ್ಲೇ ಹೊತ್ತು ಮುಳುಗಿಸುವ ವಿದ್ಯೆ

ಕೊಡಗಿಗೂ ಒಂದು ವಿಧಾನಸಭೆ ಇತ್ತು ಎಂದರೆ ಇವತ್ತಿನ ಕಾಲೇಜು ಮಕ್ಕಳು ಹುಬ್ಬೇರಿಸುತ್ತಾರೆ. 1952ರಲ್ಲಿ ಚುನಾವಣೆ ನಡೆದು 24 ಮಂದಿ ಆರಿಸಿ ಬಂದರು. ಕಾಂಗ್ರೆಸ್ಸಿನವರು 15, ಪಕ್ಷೇತರರು 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಕೊಡಗು ಯಾವ ರಾಜ್ಯಕ್ಕೂ ಸೇರದೆ ತನ್ನ ಪಾಡಿಗೆ ತಾನು ಉಳಿಯಬೇಕು ಎನ್ನುತ್ತಿದ್ದ, ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷದ ದನಿ ಆ ಪಕ್ಷೇತರರ ಸಾಲಿನಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು.

ಈ 15 ಮತ್ತು 9ನ್ನು ನೋಡಿದಾಗಲೆಲ್ಲ ಒಂದು ಲೆಕ್ಕ ಹಾಕಬೇಕೆನಿಸುತ್ತದೆ. ಕೈ ಎತ್ತಿಸಿದರೆ 9 ಎಂದೂ ಗೆಲ್ಲುವುದಿಲ್ಲ. ಆದರೆ ಚರ್ಚೆ ನಿಲ್ಲಿಸುವುದಕ್ಕೇ ಮೂರನೇ ಎರಡರಷ್ಟು ಮತ ಬೇಕು ಎಂಬ ನಿಯಮ ಇದ್ದಿದ್ದರೆ? 24ರಲ್ಲಿ 16 ಬೇಕು, ಆಡಳಿತ ಪಕ್ಷದ ಹತ್ತಿರ ಇದ್ದದ್ದು 15. ಒಂದೇ ಒಂದು ಮತ ಕಡಿಮೆ. ಆ 9 ಜನ ಸರದಿಯಲ್ಲಿ ಎದ್ದು ಮಾತಾಡುತ್ತಲೇ ಇರಬಹುದಿತ್ತು. ಅದೇ ನಿಯಮ ಐದನೇ ಮೂರರಷ್ಟು ಎಂದಿದ್ದರೆ ಲೆಕ್ಕ 14.4ಕ್ಕೆ ಬರುತ್ತದೆ, ಅಂದರೆ 15 ಸಾಕು. ಆಗ ಚರ್ಚೆಗೆ ತೆರೆ. ಮನುಷ್ಯರು ಅವರೇ, ಅಭಿಪ್ರಾಯಗಳು ಅವೇ. ಭಿನ್ನರಾಶಿ ಬದಲಾದರೆ ಗೆದ್ದವರು ಸೋತವರು ಬದಲಾಗುತ್ತಾರೆ. ಈ ಎರಡು ಭಿನ್ನರಾಶಿಗಳನ್ನು ನಾನು ಕಲ್ಪಿಸಿಕೊಂಡದ್ದಲ್ಲ. ಮೊದಲನೆಯದು ಅಮೆರಿಕದ ಮೇಲ್ಮನೆಯಾದ ಸೆನೆಟ್ 1917ರಲ್ಲಿ ಮಾಡಿಕೊಂಡ ನಿಯಮ, ಎರಡನೆಯದು 1975ರಲ್ಲಿ ತಿದ್ದಿಕೊಂಡದ್ದು.

ಇವತ್ತು ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಕೊಡಗಿನವು ಎರಡು, ಮಡಿಕೇರಿ ಮತ್ತು ವಿರಾಜಪೇಟೆ. ಸಂಖ್ಯೆಯಲ್ಲಿ ಇಷ್ಟು ಚಿಕ್ಕವರಿಗೆ 'ಸೋಲಿಸಲಾಗದಿದ್ದರೆ ತಡೆದಾದರೂ ನಿಲ್ಲಿಸಬಹುದೇ' ಎಂಬುದು ಬರೀ ಪಠ್ಯಪುಸ್ತಕದ ಪ್ರಶ್ನೆಯಲ್ಲ. ಮಾತಾಡುತ್ತಲೇ ಇದ್ದು ಮತದಾನವನ್ನು ತಡೆಯುವ ಫಿಲಿಬಸ್ಟರ್ ಎಂಬ ವಿದ್ಯೆಯ ಚರಿತ್ರೆಯನ್ನು ಇಲ್ಲಿ ಕೂತು ಓದುವುದಕ್ಕೆ ಅದೇ ಕಾರಣ.

ಪದದ ಹುಟ್ಟು ಕಡಲ್ಗಳ್ಳರಲ್ಲಿದೆ. ಡಚ್ಚರ ಭಾಷೆಯಲ್ಲಿ ಲೂಟಿಕೋರನಿಗೆ ಇದ್ದ ಪದ ಸ್ಪ್ಯಾನಿಷ್‌ಗೆ ಹೋಗಿ 'ಫಿಲಿಬುಸ್ಟೆರೊ' ಆಯಿತು. 1850ರ ದಶಕದಲ್ಲಿ ಅಮೆರಿಕದಿಂದ ಖಾಸಗಿ ದಂಡು ಕಟ್ಟಿಕೊಂಡು ಮಧ್ಯ ಅಮೆರಿಕದ ದೇಶಗಳ ಮೇಲೆ ಬೀಳುತ್ತಿದ್ದವರಿಗೆ ಈ ಹೆಸರು ಅಂಟಿತು. ಅವರಲ್ಲಿ ವಿಲಿಯಂ ವಾಕರ್ ಎಂಬಾತ 1856ರಲ್ಲಿ ನಿಕರಾಗುವಾದ ಅಧ್ಯಕ್ಷನೇ ಆಗಿ ಕೂತ. ಅದೇ ದಶಕದಲ್ಲಿ ಪದ ಶಾಸನಸಭೆಯೊಳಕ್ಕೂ ಬಂತು: ಸದನದ ಹೊತ್ತನ್ನು ಲೂಟಿ ಮಾಡುವವನು ಎಂಬ ಅರ್ಥದಲ್ಲಿ. ನಮ್ಮಲ್ಲಿ ಇದನ್ನು ಕಾಲಹರಣ ಎಂದು ಬರೆಯುವವರಿದ್ದಾರೆ. ನನಗೆ ಆ ಪದ ಒಪ್ಪಿಗೆಯಿಲ್ಲ. ಕಾಲಹರಣದಲ್ಲಿ ಸೋಮಾರಿತನವಿದೆ, ಇದರಲ್ಲಿ ಲೆಕ್ಕಾಚಾರವಿದೆ.

ಕೆಲಸ ಮಾತ್ರ ಪದಕ್ಕಿಂತ ಬಹಳ ಹಳೆಯದು. ಹಳೆಯ ರೋಮ್‌ನ ಸೆನೆಟ್ ಸೂರ್ಯಾಸ್ತದೊಳಗೆ ಕಲಾಪ ಮುಗಿಸಬೇಕಿತ್ತು. ದೀಪ ಹಚ್ಚಿಕೊಂಡು ನಿರ್ಣಯ ಮಾಡುವ ಪದ್ಧತಿ ಇರಲಿಲ್ಲ. ಮಾತಿಗೆ ಎದ್ದವನನ್ನು ನಡುವೆ ಕೂರಿಸುವ ಪದ್ಧತಿಯೂ ಇರಲಿಲ್ಲ. ಈ ಎರಡನ್ನು ಸೇರಿಸಿ ಕಿರಿಯ ಕೇಟೊ ಒಂದು ಆಯುಧ ಮಾಡಿಕೊಂಡ: ಎದ್ದು ನಿಂತು ಹೊತ್ತು ಮುಳುಗುವವರೆಗೆ ಮಾತಾಡುವುದು. ಕ್ರಿ.ಪೂ. 60ರಲ್ಲಿ ಜೂಲಿಯಸ್ ಸೀಸರ್ ಸ್ಪೇನ್‌ನಿಂದ ಗೆದ್ದು ಬಂದು ನಗರದ ಹೊರಗೆ ವಿಜಯೋತ್ಸವಕ್ಕೆ ಕಾಯುತ್ತಿದ್ದ. ರೋಮ್‌ನ ಅತ್ಯುನ್ನತ ಹುದ್ದೆಯಾದ ಕಾನ್ಸಲ್ ಚುನಾವಣೆಗೆ ನಾಮಪತ್ರ ಕೊಡಲು ಅವನು ಖುದ್ದು ಊರೊಳಗೆ ಬರಬೇಕು. ಬಂದರೆ ಉತ್ಸವದ ಹಕ್ಕು ಹೋಗುತ್ತದೆ. ಹೊರಗಿದ್ದೇ ಸ್ಪರ್ಧಿಸಲು ಅನುಮತಿ ಕೇಳಿದ. ಸೆನೆಟ್ ಒಲಿಯುವಂತಿತ್ತು. ಕೇಟೊ ಇಡೀ ದಿನ ಮಾತಾಡಿದ, ಹೊತ್ತು ಮುಳುಗಿತು, ಅರ್ಜಿಯೂ ಅದರ ಜೊತೆ ಮುಳುಗಿತು. ಸೀಸರ್ ಉತ್ಸವ ಬಿಟ್ಟು ಊರೊಳಗೆ ನಡೆದ, ಚುನಾವಣೆ ಗೆದ್ದ. ಮರುವರ್ಷ ಅವನ ಭೂಹಂಚಿಕೆ ಮಸೂದೆಗೂ ಕೇಟೊ ಅದನ್ನೇ ಮಾಡಿದಾಗ ಸೀಸರ್ ಅವನನ್ನು ಸೆರೆಮನೆಗೆ ಎಳೆಸಿದ. ಹಲವು ಸದಸ್ಯರು ಕೇಟೊನ ಹಿಂದೆಯೇ ಎದ್ದು ಹೊರಟರು. ಸೀಸರ್ ಮುಜುಗರಪಟ್ಟು ಬಿಡಿಸಿದ, ಆದರೆ ಮಸೂದೆಯನ್ನು ಸೆನೆಟ್ ಬಿಟ್ಟು ನೇರ ಜನಸಭೆಗೆ ಒಯ್ದು ಪಾಸು ಮಾಡಿಸಿಕೊಂಡ.

ಮುಂದಿನ ಎರಡು ಸಾವಿರ ವರ್ಷದ ಕಥೆಯ ಬೀಜವೆಲ್ಲ ಇದರಲ್ಲೇ ಇದೆ. ಮಾತು ಬರೀ ತುಂಬುವ ಸಾಮಾನು. ಆಚೆ ಕಡೆ ಜರುಗಿಸಲಾಗದ ಒಂದು ಗಡುವು ಇರಬೇಕು, ಇಲ್ಲವೇ ಚರ್ಚೆ ಮುಗಿಸುವ ಅಧಿಕಾರ ಸರಳ ಬಹುಮತದ ಕೈಯಲ್ಲಿ ಇರಬಾರದು. ಎರಡೂ ಇಲ್ಲದ ಕಡೆ ಎಂಥ ವಾಗ್ಮಿ ನಿಂತರೂ ಗಂಟಲು ನೋವಷ್ಟೇ ಲಾಭ.

ಅಮೆರಿಕದ ಸೆನೆಟ್‌ನಲ್ಲಿ ಆದದ್ದು ಎರಡನೆಯದು, ಅದೂ ಅಜಾಗರೂಕತೆಯಿಂದ. 1789ರ ಮೊದಲ ನಿಯಮಾವಳಿಯಲ್ಲಿ 'ವಿಷಯವನ್ನು ಈಗ ಮತಕ್ಕೆ ಹಾಕಿ' ಎನ್ನುವ ಸೂಚನೆಗೆ ಜಾಗವಿತ್ತು. 1805ರಲ್ಲಿ ಉಪಾಧ್ಯಕ್ಷ ಆರನ್ ಬರ್ ಪೀಠ ಬಿಡುವಾಗ, ನಿಯಮಗಳಲ್ಲಿ ಬಳಕೆಯಿಲ್ಲದ್ದನ್ನು ತೆಗೆದು ಚೊಕ್ಕ ಮಾಡಿ ಎಂದು ಸಲಹೆ ಕೊಟ್ಟ. 1806ರಲ್ಲಿ ತಿದ್ದುವಾಗ ಆ ಸೂಚನೆಯನ್ನೂ ಕಿತ್ತರು. ಅಲ್ಪಸಂಖ್ಯಾತರ ಹಕ್ಕು ಕಾಯಬೇಕೆಂದು ಯಾರೂ ಯೋಚಿಸಿರಲಿಲ್ಲ. ಸಂವಿಧಾನ ಬರೆದವರ ದೂರದೃಷ್ಟಿ ಎಂದು ಈಗ ಹೇಳುವವರು ಈ ಒಂದು ಸಂಗತಿಯನ್ನು ಗಮನಿಸಬೇಕು. ಫಿಲಿಬಸ್ಟರ್ ಸಂವಿಧಾನದಲ್ಲಿ ಇಲ್ಲ. ತೋಟ ಸವರುವಾಗ ಬೇಲಿಯ ಗೂಟವನ್ನೂ ಕಿತ್ತ ಹಾಗೆ ಆದದ್ದು ಅದು. ಬೇಲಿ ಇಲ್ಲವೆಂಬುದು ಸದಸ್ಯರ ಅರಿವಿಗೆ ಬಂದು, ಅದನ್ನು ಬಳಸುವವರು ಹುಟ್ಟಿಕೊಳ್ಳಲು 1830ರ ದಶಕದ ಕೊನೆ ಬಂತು.

ಕೆಳಮನೆ ಬೇರೆ ದಾರಿ ಹಿಡಿಯಿತು. ಅಲ್ಲಿನ ಚಾಳಿ ಮಾತಿನದಲ್ಲ, ಮೌನದ್ದು. ಹಾಜರಿ ಕೂಗುವಾಗ ವಿರೋಧ ಪಕ್ಷದವರು ಕುರ್ಚಿಯಲ್ಲೇ ಕೂತು ಉತ್ತರ ಕೊಡುತ್ತಿರಲಿಲ್ಲ. ಕೋರಂ (ಕಲಾಪಕ್ಕೆ ಬೇಕಾದ ಕನಿಷ್ಠ ಹಾಜರಿ) ಇಲ್ಲವೆಂದು ಕಲಾಪ ನಿಲ್ಲುತ್ತಿತ್ತು. 1890ರ ಜನವರಿ 29ರಂದು ಸ್ಪೀಕರ್ ಥಾಮಸ್ ರೀಡ್, ಕಣ್ಣೆದುರು ಕೂತಿದ್ದವರ ಹೆಸರನ್ನು ತಾವೇ ಓದಿ 'ಹಾಜರು' ಎಂದು ಬರೆಸಿದರು. ಕೆಂಟಕಿಯ ಸದಸ್ಯರೊಬ್ಬರು ಎದ್ದು, ನನ್ನನ್ನು ಹಾಜರೆಂದು ಎಣಿಸುವ ಹಕ್ಕು ನಿಮಗಿಲ್ಲ ಎಂದು ಕೂಗಿದರು. ನೀವು ಇಲ್ಲಿದ್ದೀರಿ ಎಂಬ ಸಂಗತಿಯನ್ನಷ್ಟೇ ಹೇಳುತ್ತಿದ್ದೇನೆ, ಅದನ್ನು ಅಲ್ಲಗಳೆಯುತ್ತೀರಾ ಎಂದು ರೀಡ್ ಕೇಳಿದರು. ಆ ಮನೆಯಲ್ಲಿ ತಡೆಹಿಡಿಯುವ ಆಟ ಹೆಚ್ಚು ಕಡಿಮೆ ಅಲ್ಲಿಗೆ ಮುಗಿಯಿತು.

ಸೆನೆಟ್‌ಗೆ ಕಡಿವಾಣ ಬಂದದ್ದು ಯುದ್ಧದಿಂದ. 1917ರ ಫೆಬ್ರವರಿಯಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಎಲ್ಲ ಹಡಗುಗಳ ಮೇಲೂ ಎರಗತೊಡಗಿದಾಗ ಅಧ್ಯಕ್ಷ ವುಡ್ರೊ ವಿಲ್ಸನ್ ವ್ಯಾಪಾರಿ ಹಡಗುಗಳಿಗೆ ಫಿರಂಗಿ ಕೊಡುವ ಮಸೂದೆ ತಂದರು. ಆ ಕಾಂಗ್ರೆಸ್ಸಿನ (ಅಮೆರಿಕದ ಸಂಸತ್ತಿನ) ಅವಧಿ ಮಾರ್ಚ್ 4ರ ಮಧ್ಯಾಹ್ನಕ್ಕೆ ತೀರುವುದಿತ್ತು. ರಾಬರ್ಟ್ ಲಾ ಫಾಲೆಟ್, ಜಾರ್ಜ್ ನಾರಿಸ್ ಮೊದಲಾದ ಹತ್ತು ಹನ್ನೆರಡು ಮಂದಿ ಅಲ್ಲಿಯವರೆಗೆ ಎಳೆದರು. ಮಸೂದೆ ಸತ್ತಿತು. ವಿಲ್ಸನ್ ಕೆರಳಿದರು, ಪತ್ರಿಕೆಗಳು ಕೆರಳಿದವು, ಮಾರ್ಚ್ 8ರಂದು ಸೆನೆಟ್ 76–3 ಮತಗಳಿಂದ 22ನೇ ನಿಯಮಕ್ಕೆ ಹೊಸ ರೂಪ ಕೊಟ್ಟಿತು: ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಿದರೆ ಚರ್ಚೆ ಮುಕ್ತಾಯ. ಇದಕ್ಕೆ ಅವರು ಕೊಟ್ಟ ಹೆಸರು ಕ್ಲೋಚರ್. ಮೊದಲು ಬಳಸಿದ್ದು 1919ರ ನವೆಂಬರ್‌ನಲ್ಲಿ, ವರ್ಸೇಲ್ಸ್ ಒಪ್ಪಂದದ ಚರ್ಚೆ ನಿಲ್ಲಿಸಲು. ಇನ್ನೊಂದು ಮಾತು: ಗಡುವಿನ ಲಾಭ ಪಡೆದ ಅದೇ ನಾರಿಸ್ ಮುಂದೆ ನಿಂತು ಸಂವಿಧಾನಕ್ಕೆ 20ನೇ ತಿದ್ದುಪಡಿ ತರಿಸಿದರು. 1935ರಿಂದ ಹೊಸ ಕಾಂಗ್ರೆಸ್ ಜನವರಿ 3ಕ್ಕೇ ಶುರುವಾಗುತ್ತದೆ. ಸೋತವರೂ ಕೂತು ಮಾರ್ಚ್ ತನಕ ಎಳೆಯುವ ಆ ಹಳೆಯ ಕಿರು ಅಧಿವೇಶನ ಹೋಯಿತು.

ಇನ್ನು ಕೆಲಸ ಹೇಗೆ ಮಾಡುತ್ತಾರೆ ಎಂಬುದು. ಮಾತಿಗೆ ಎದ್ದ ಸೆನೆಟರ್ ನಿಂತೇ ಇರಬೇಕು, ತನ್ನ ಮೇಜಿನ ಬಳಿಯೇ ಇರಬೇಕು, ಮಾತು ನಿಲ್ಲಬಾರದು. ಕೂತರೆ ಅಥವಾ ಸದನದಿಂದ ಹೊರಗೆ ಕಾಲಿಟ್ಟರೆ ಮಾತಿನ ಹಕ್ಕು ಹೋಯಿತು. ಬೇರೆಯವರ ಪ್ರಶ್ನೆಗೆ ಬಿಟ್ಟುಕೊಡಬಹುದು, ಆದರೆ 'ಪ್ರಶ್ನೆಗೆ ಮಾತ್ರ, ಹಕ್ಕು ಬಿಡದೆ' ಎಂದು ಬಾಯಿಬಿಟ್ಟು ಹೇಳಬೇಕು. ಮಿತ್ರರು ಉದ್ದುದ್ದ ಪ್ರಶ್ನೆ ಕೇಳಿ ಗಂಟಲಿಗೆ ಬಿಡುವು ಕೊಡುವುದು ಹೀಗೆ. ಒಂದೇ ಶಾಸನ ದಿನದಲ್ಲಿ ಒಂದು ವಿಷಯದ ಮೇಲೆ ಒಬ್ಬರಿಗೆ ಎರಡೇ ಭಾಷಣ. ಅದಕ್ಕೇ ಎದುರು ಪಕ್ಷ ಸದನವನ್ನು ಮುಂದೂಡದೆ ಬರೀ ವಿರಾಮ ಕೊಡುತ್ತ ಹೋಗುತ್ತದೆ. ಕ್ಯಾಲೆಂಡರಿನಲ್ಲಿ ವಾರ ಕಳೆದರೂ ಶಾಸನ ದಿನ ಬದಲಾಗುವುದಿಲ್ಲ, ಭಾಷಣದ ಕೋಟಾ ತೀರುತ್ತ ಬರುತ್ತದೆ. ವಿಷಯಕ್ಕೆ ಸಂಬಂಧಪಟ್ಟು ಮಾತಾಡಬೇಕೆಂಬ ಕಟ್ಟುಪಾಡು 1964ರ ನಂತರ ದಿನದ ಮೊದಲ ಮೂರು ಗಂಟೆಗೆ ಮಾತ್ರ. ಕುಡಿಯಲು ನೀರು, ಹಾಲು. ಕಾಫಿ ಇಲ್ಲ. ಅಷ್ಟೊಂದು ಕಾಫಿ ಕುಡಿಯುವ ದೇಶದಲ್ಲಿ, ರಾತ್ರಿಯಿಡೀ ಎಚ್ಚರವಿರಬೇಕಾದವನಿಗೇ ಕಾಫಿ ಇಲ್ಲವೆಂಬುದು ಕಾಫಿ ಬೆಳೆಯುವ ಜಿಲ್ಲೆಯವರಿಗೆ ಬೇಗ ಕಣ್ಣಿಗೆ ಬೀಳುತ್ತದೆ.

ಕೆಡುವುದು ಸಾಮಾನ್ಯವಾಗಿ ಎರಡು ಜಾಗದಲ್ಲಿ: ಮೂತ್ರಕೋಶ ಮತ್ತು ಸರದಿ. ಹ್ಯೂ ಲಾಂಗ್ 1935ರ ಜೂನ್‌ನಲ್ಲಿ ಸಿಂಪಿ ಹುರಿಯುವ ವಿಧಾನವನ್ನೂ ಸೇರಿಸಿ 15 ಗಂಟೆ 30 ನಿಮಿಷ ಮಾತಾಡಿದರು. ಬೆಳಗಿನ ಜಾವ ಶೌಚಾಲಯಕ್ಕೆ ಓಡಲೇಬೇಕಾಗಿ ಸೋತರು. 1957ರ ಆಗಸ್ಟ್ 28ರ ರಾತ್ರಿ ಸ್ಟ್ರಾಮ್ ಥರ್ಮಂಡ್ ಎದ್ದಾಗ ಮೊದಲೇ ಉಗಿಸ್ನಾನ ಮಾಡಿ ಮೈಯ ನೀರನ್ನೆಲ್ಲ ಬೆವರಾಗಿ ಹರಿಸಿ ಬಂದಿದ್ದರು, ಕುಡಿದ ನೀರನ್ನು ದೇಹವೇ ಹೀರಿಕೊಳ್ಳಲಿ ಎಂದು. ರಾಜ್ಯಗಳ ಮತದಾನ ಕಾನೂನುಗಳನ್ನು ಒಂದೊಂದಾಗಿ ಓದಿ 24 ಗಂಟೆ 18 ನಿಮಿಷ ನಿಂತರು. ವಿರೋಧಿಸಿದ್ದು ಕಪ್ಪು ಜನರ ಮತದಾನದ ಹಕ್ಕಿನ ಮಸೂದೆಯನ್ನು. ಅವರ ಪಾಳಯದ ದಕ್ಷಿಣದ ಸೆನೆಟರುಗಳೇ ಸರದಿಗೆ ಬರಲಿಲ್ಲ. ಅವರು ಕೂತ ಕೆಲವೇ ಗಂಟೆಗಳಲ್ಲಿ ಮಸೂದೆ ಪಾಸಾಯಿತು. ಒಬ್ಬನೇ ಎಷ್ಟು ಹೊತ್ತು ನಿಂತರೂ ಮೈಗೊಂದು ಮಿತಿ ಇದೆ, ಸದನಕ್ಕೆ ಆ ಮಿತಿ ಇಲ್ಲ.

ಸರದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1908ರ ಮೇ ತಿಂಗಳ ಪ್ರಸಂಗದಂಥದ್ದು ಇನ್ನೊಂದಿಲ್ಲ. ತುರ್ತು ನೋಟು ಚಲಾವಣೆಯ ಮಸೂದೆಯ ವಿರುದ್ಧ ಮೂವರು ಸರದಿ ಕಟ್ಟಿದ್ದರು. ಮೊದಲು ಲಾ ಫಾಲೆಟ್, 18 ಗಂಟೆಗೂ ಹೆಚ್ಚು. ನಡುವೆ ಹಸಿ ಮೊಟ್ಟೆ ಕಲಸಿದ ಹಾಲು ತರಿಸಿದ್ದರು. ಒಂದು ಲೋಟ ಬಾಯಿಗಿಟ್ಟು ರುಚಿ ಕೆಟ್ಟಿದೆಯೆಂದು ತಳ್ಳಿದರು. ಪರೀಕ್ಷಿಸಿದಾಗ ಅದು ವಿಷವಾಗುವಷ್ಟು ಹಳಸಿತ್ತು. ಅವರ ನಂತರ ವಿಲಿಯಂ ಸ್ಟೋನ್, ಆಮೇಲೆ ಓಕ್ಲಹೋಮಾದ ಥಾಮಸ್ ಗೋರ್. ಗೋರ್ ಅವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ತಮ್ಮ ಸರದಿ ಮುಗಿಯುವ ಹೊತ್ತಿಗೆ ಸ್ಟೋನ್ ಬಂದು ಕೂತಿದ್ದಾರೆ ಎಂದು ನಂಬಿ ಮಾತು ಮುಗಿಸಿ ಕೂತರು. ಸ್ಟೋನ್ ಅಷ್ಟರಲ್ಲೇ ಹೊರಗೆ ಹೋಗಿದ್ದರು. ಯಾರೂ ಎದ್ದು ಮಾತಿಗೆ ನಿಲ್ಲಲಿಲ್ಲ. ಮಸೂದೆಯವರು ಒಂದು ಕ್ಷಣವೂ ಬಿಡದೆ ಹೆಸರು ಕೂಗಿಸಲು ಶುರುಮಾಡಿಸಿದರು. ಒಮ್ಮೆ ಶುರುವಾದ ಮತದಾನವನ್ನು ತಡೆಯುವಂತಿಲ್ಲ. ಅಷ್ಟು ಗಂಟೆಗಳ ದುಡಿಮೆ ಕೆಲವು ಸೆಕೆಂಡಿನ ಖಾಲಿ ಜಾಗದಲ್ಲಿ ಸೋರಿಹೋಯಿತು.

ಈ ವಿದ್ಯೆಯನ್ನು ಮೆಚ್ಚಿ ಬರೆಯುವವರು ಒಂದು ಸತ್ಯವನ್ನು ಮುಚ್ಚಿಡಬಾರದು. ಕಪ್ಪು ಜನರನ್ನು ಗುಂಪು ಕಟ್ಟಿ ಕೊಲ್ಲುವುದರ ವಿರುದ್ಧದ ಮಸೂದೆ 1922ರಲ್ಲಿ ಕೆಳಮನೆ ದಾಟಿ ಬಂದು ಸೆನೆಟ್‌ನ ಫಿಲಿಬಸ್ಟರ್‌ನಲ್ಲಿ ಸತ್ತಿತು. ಅಂಥ ಕಾನೂನು ಕೊನೆಗೂ ಆದದ್ದು 2022ರಲ್ಲಿ. ನೂರು ವರ್ಷ! ಅಲ್ಪಸಂಖ್ಯಾತರನ್ನು ಕಾಯುವ ನಿಯಮ ಎಂಬ ಹೆಸರಿನಲ್ಲಿ, ಸದನದೊಳಗಿನ ಅಲ್ಪಸಂಖ್ಯಾತರು ಸದನದ ಹೊರಗಿನ ನಿಜವಾದ ಅಲ್ಪಸಂಖ್ಯಾತರನ್ನು ತುಳಿದರು. ನಾವು ಸಣ್ಣ ಜಿಲ್ಲೆಯವರು ಫಿಲಿಬಸ್ಟರ್ ಎಂದೊಡನೆ ಮನಸ್ಸು ಅರಳಿಸಿಕೊಳ್ಳುವ ಮೊದಲು ಇದನ್ನು ನೆನೆಯಬೇಕು.

ಆ ಕಟ್ಟು ಒಡೆದದ್ದು 1964ರಲ್ಲಿ. ನಾಗರಿಕ ಹಕ್ಕು ಮಸೂದೆಯ ಮೇಲೆ ಸೆನೆಟ್‌ನ 60 ಕೆಲಸದ ದಿನಗಳು ಹೋಗಿದ್ದವು. ಜೂನ್ 10ರ ಬೆಳಿಗ್ಗೆ ರಾಬರ್ಟ್ ಬರ್ಡ್ 14 ಗಂಟೆ 13 ನಿಮಿಷದ ಭಾಷಣ ಮುಗಿಸಿದ ಮೇಲೆ ಕ್ಲೋಚರ್ ಮತಕ್ಕೆ ಬಂತು. ಬೇಕಾದದ್ದು 67. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಮಿದುಳಿನ ಗಡ್ಡೆಯಿಂದ ಮಾತು ಕಳೆದುಕೊಂಡಿದ್ದರು, ಗಾಲಿಕುರ್ಚಿಯಲ್ಲಿ ತಂದರು. ಹೆಸರು ಕೂಗಿದಾಗ ಬಾಯಿ ಬರಲಿಲ್ಲ. ಕೈ ನಿಧಾನವಾಗಿ ಎತ್ತಿ ತಮ್ಮ ಕಣ್ಣನ್ನು ತೋರಿಸಿದರು. ಅಲ್ಲಿ 'ಹೌದು' ಎಂದು ಮತ ಹಾಕುವ ಪದ 'ಐ', ಕಣ್ಣಿಗೂ ಅದೇ ಉಚ್ಚಾರ. ಗುಮಾಸ್ತ 'ಹೌದು' ಎಂದು ಬರೆದುಕೊಂಡ. 71–29. ಎಂಗಲ್ ಮುಂದಿನ ತಿಂಗಳ ಕೊನೆಗೆ ತೀರಿಕೊಂಡರು. ಸಾವಿರಾರು ಗಂಟೆಗಳ ಮಾತಿನ ಈ ಚರಿತ್ರೆಯಲ್ಲಿ ಮಾತೇ ಇಲ್ಲದ ಆ ಒಂದು ಮತ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು.

ಆಮೇಲೆ ಬಂದ ಸುಧಾರಣೆಯೇ ರೋಗವಾಯಿತು. 1970ರ ದಶಕದ ಆರಂಭದಲ್ಲಿ ಸೆನೆಟ್ 'ಎರಡು ಹಳಿ' ಪದ್ಧತಿ ತಂದಿತು: ತಡೆ ಬಿದ್ದ ಮಸೂದೆಯನ್ನು ಪಕ್ಕದ ಹಳಿಗೆ ಸರಿಸಿ ಉಳಿದ ಕೆಲಸ ಮುಂದುವರಿಸುವುದು. ಸದನ ನಿಲ್ಲಬಾರದೆಂಬ ಸದುದ್ದೇಶ. ಆದರೆ ತಡೆಯುವವನಿಗೆ ನಿಲ್ಲುವ ಕಷ್ಟವೂ ತಪ್ಪಿತು. ತಡೆಯುತ್ತೇವೆ ಎಂದು ತಿಳಿಸಿದರೆ ಸಾಕು, ಮಸೂದೆ ನೆನೆಗುದಿಗೆ. 1975ರಲ್ಲಿ ಮಿತಿಯನ್ನು 60ಕ್ಕೆ ಇಳಿಸಿದ್ದು ಇದಕ್ಕೆ ಮದ್ದಾಗಲಿಲ್ಲ. ಇವತ್ತು ಕ್ಲೋಚರ್ ಅರ್ಜಿಗೆ 16 ಸೆನೆಟರುಗಳ ಸಹಿ ಬೇಕು. ಸೋಮವಾರ ಕೊಟ್ಟರೆ ಬುಧವಾರ ಸದನ ಕೂಡಿದ ಒಂದು ಗಂಟೆಯ ನಂತರ ಮತ. 60 ಬಂದರೂ ಆಮೇಲೆ 30 ಗಂಟೆವರೆಗೆ ಚರ್ಚೆ. ಮಸೂದೆಯನ್ನು ಕೈಗೆತ್ತಿಕೊಳ್ಳಲೆಂದೇ ಒಮ್ಮೆ, ಮಸೂದೆಯ ಮೇಲೆ ಇನ್ನೊಮ್ಮೆ ಇದೇ ಸುತ್ತು. ಒಂದು ಸಣ್ಣ ಮಸೂದೆಗೂ ವಾರಕ್ಕೆ ಮೇಲೆ ಹೋಗುತ್ತದೆ. ನೇಮಕಾತಿಗಳಿಗೆ 2013ರಲ್ಲಿ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ 2017ರಲ್ಲಿ ಸರಳ ಬಹುಮತ ಸಾಕೆಂದು ಮಾಡಿಕೊಂಡರು. ಬಜೆಟ್‌ಗೆ ಸಂಬಂಧಿಸಿದ ಒಂದು ಬಗೆಯ ಮಸೂದೆಗೆ 20 ಗಂಟೆಯ ಕಟ್ಟು ಮೊದಲೇ ಇದೆ. ಉಳಿದ ಹೆಚ್ಚಿನ ಮಸೂದೆಗಳಿಗೆ 60 ಹಾಗೆಯೇ ಇದೆ.

2025ರ ಮಾರ್ಚ್ 31ರ ಸಂಜೆ ಎದ್ದ ಕೋರಿ ಬುಕರ್ 25 ಗಂಟೆ 5 ನಿಮಿಷ ಮಾತಾಡಿ ಥರ್ಮಂಡ್ ದಾಖಲೆ ಮುರಿದರು. ಅವರು ಯಾವ ಮಸೂದೆಯನ್ನೂ ತಡೆಯುತ್ತಿರಲಿಲ್ಲ, ಹಾಗಾಗಿ ಲೆಕ್ಕದ ಪ್ರಕಾರ ಅದು ಫಿಲಿಬಸ್ಟರ್ ಅಲ್ಲ. ನಿಜವಾದ ತಡೆ ಈಗ ಸದ್ದಿಲ್ಲದೆ ನಡೆಯುತ್ತದೆ. ನಿಂತು ಮಾತಾಡಿ ತಡೆಯುವವನಿಗೆ ನಾನು ಗೌರವ ಕೊಡುತ್ತೇನೆ. ಅವನು ಏನನ್ನು ತಡೆಯುತ್ತಿದ್ದಾನೆಂದು ಊರಿಗೆಲ್ಲ ಕಾಣುತ್ತದೆ. ಕೂತಲ್ಲೇ ತಡೆಯುವುದಕ್ಕೆ ಆ ಗೌರವ ಸಲ್ಲದು.

ಟೆಕ್ಸಸ್ ರಾಜ್ಯದ ಸೆನೆಟ್ ಈ ವಿಷಯದಲ್ಲಿ ಕಟ್ಟುನಿಟ್ಟು. ಅಲ್ಲಿ ವಿಷಯ ಬಿಟ್ಟು ಮಾತಾಡುವಂತಿಲ್ಲ, ಮೇಜಿಗೆ ಒರಗುವಂತಿಲ್ಲ, ಮೂರು ತಪ್ಪಾದರೆ ಕೂರಬೇಕು. 2013ರ ಜೂನ್ 25ರಂದು ಗರ್ಭಪಾತ ನಿರ್ಬಂಧ ಮಸೂದೆಯ ವಿರುದ್ಧ ವೆಂಡಿ ಡೇವಿಸ್ ನಿಂತರು. ಮಧ್ಯರಾತ್ರಿಗೆ ವಿಶೇಷ ಅಧಿವೇಶನ ಮುಗಿಯುತ್ತಿತ್ತು, ಸುಮಾರು 13 ಗಂಟೆ ಎಳೆಯಬೇಕಿತ್ತು. ಸೊಂಟಕ್ಕೆ ಪಟ್ಟಿ ಕಟ್ಟಲು ಸಹೋದ್ಯೋಗಿ ಕೈಹಾಕಿದ್ದೇ ಒಂದು ತಪ್ಪೆಂದು ಎಣಿಕೆಯಾಯಿತು. ಹನ್ನೊಂದನೇ ಗಂಟೆಯ ಸುಮಾರಿಗೆ ಮೂರನೇ ತಪ್ಪು. ಆಮೇಲೆ ಕ್ರಿಯಾಲೋಪ (ನಿಯಮ ತಪ್ಪಿದೆ ಎಂಬ ಆಕ್ಷೇಪ) ಎತ್ತಿದವರು, ಗ್ಯಾಲರಿಯಿಂದ ಕೂಗಿದ ಜನ ಉಳಿದ ಹೊತ್ತನ್ನು ತುಂಬಿದರು; ಮತದಾನ ಹನ್ನೆರಡು ದಾಟಿತು, ಮಸೂದೆ ಬಿತ್ತು. ರಾಜ್ಯಪಾಲರು ಮತ್ತೆ ಅಧಿವೇಶನ ಕರೆದರು, ಮುಂದಿನ ತಿಂಗಳೇ ಅದು ಪಾಸಾಯಿತು. ಗಡುವನ್ನು ಹೊಸದಾಗಿ ಹಾಕುವ ಅಧಿಕಾರ ಎದುರಾಳಿಯ ಕೈಯಲ್ಲಿದ್ದರೆ ಗೆಲುವಿನ ಆಯುಸ್ಸು ಅಷ್ಟೇ.

ಬ್ರಿಟನ್ನಿಗೆ ಪಾಠ ಕಲಿಸಿದವರು ಐರಿಷ್ ಸದಸ್ಯರು. ಜೋಸೆಫ್ ಬಿಗರ್, ಚಾರ್ಲ್ಸ್ ಪಾರ್ನೆಲ್ ಮತ್ತು ಸಂಗಡಿಗರು ಸರ್ಕಾರದ ವರದಿಗಳನ್ನೇ ಗಂಟೆಗಟ್ಟಲೆ ಓದುತ್ತಿದ್ದರು. 1881ರ ಜನವರಿ 31ಕ್ಕೆ ಶುರುವಾದ ಕಲಾಪ 41 ಗಂಟೆ ನಡೆದು, ಫೆಬ್ರವರಿ 2ರ ಬೆಳಿಗ್ಗೆ ಸ್ಪೀಕರ್ ಹೆನ್ರಿ ಬ್ರ್ಯಾಂಡ್ ಯಾವ ನಿಯಮದ ಆಧಾರವೂ ಇಲ್ಲದೆ ತಾವೇ ಚರ್ಚೆ ನಿಲ್ಲಿಸಿದರು. ಮರುವರ್ಷ ನಿಯಮ ಬಂತು, 1887ರಲ್ಲಿ ಇನ್ನಷ್ಟು ಬಿಗಿಯಾಯಿತು. ಒಂದು ಸಣ್ಣ ಕಿಟಕಿ ಇಂದಿಗೂ ತೆರೆದಿದೆ: ಖಾಸಗಿ ಸದಸ್ಯರ ಮಸೂದೆಗಳ ಶುಕ್ರವಾರ. ಮಧ್ಯಾಹ್ನ 2.30ಕ್ಕೆ ಚರ್ಚೆ ನಿಲ್ಲುತ್ತದೆ. ಅಷ್ಟರೊಳಗೆ ಮುಕ್ತಾಯ ಸೂಚನೆ ಗೆಲ್ಲಬೇಕಾದರೆ ಬಹುಮತದ ಜೊತೆಗೆ ಪರವಾಗಿ ಕನಿಷ್ಠ 100 ಮತ ಬೇಕು. ಶುಕ್ರವಾರ ಹೆಚ್ಚಿನ ಸದಸ್ಯರು ಕ್ಷೇತ್ರಕ್ಕೆ ಹೋಗಿರುತ್ತಾರೆ. ಒಬ್ಬರು ಎರಡೂವರೆ ತನಕ ಮಾತಾಡಿದರೆ ಕಥೆ ಮುಗಿಯಿತು.

ಬೇರೆ ದೇಶಗಳಲ್ಲಿ ಬಾಯಿಯ ಬದಲು ಬೇರೆ ಅಂಗಗಳೂ ಕೆಲಸ ಮಾಡಿವೆ. ಜಪಾನಿನ ವಿರೋಧ ಪಕ್ಷದವರು ಮತಪೆಟ್ಟಿಗೆಯತ್ತ ಇಂಚಿಂಚಾಗಿ ಹೆಜ್ಜೆ ಇಡುತ್ತಾರೆ. ಅದಕ್ಕೆ ಅಲ್ಲಿ ಎತ್ತಿನ ನಡಿಗೆ ಎಂದೇ ಹೆಸರು. ಕೆನಡಾದ ಒಂಟಾರಿಯೊದಲ್ಲಿ 1997ರಲ್ಲಿ ಟೊರಾಂಟೊದ ಒಂದೊಂದು ಬೀದಿಯ ಹೆಸರಿಗೂ ಒಂದೊಂದು ತಿದ್ದುಪಡಿ ಎಂದು ಕಂಪ್ಯೂಟರಿನಲ್ಲಿ 11,000ಕ್ಕೂ ಹೆಚ್ಚು ತಿದ್ದುಪಡಿ ಮುದ್ರಿಸಿ ತಂದರು. ದಕ್ಷಿಣ ಕೊರಿಯಾದಲ್ಲಿ 2016ರ ಫೆಬ್ರವರಿ 23ರಿಂದ 38 ಸದಸ್ಯರು ಸರದಿಯಲ್ಲಿ 192 ಗಂಟೆ ಮಾತಾಡಿದರು, ಕೊನೆಗೆ ಮಸೂದೆ ಪಾಸಾಯಿತು.

ನಮ್ಮಲ್ಲಿ? ಲೋಕಸಭೆಯ 362ನೇ ನಿಯಮದಂತೆ ಯಾವ ಸದಸ್ಯರಾದರೂ ಎದ್ದು 'ಪ್ರಶ್ನೆಯನ್ನು ಈಗ ಮತಕ್ಕೆ ಹಾಕಲಿ' ಎನ್ನಬಹುದು. ಚರ್ಚೆಯ ಹಕ್ಕಿಗೆ ಧಕ್ಕೆಯಿಲ್ಲವೆಂದು ಸ್ಪೀಕರ್‌ಗೆ ಕಂಡರೆ ಅದಕ್ಕೆ ಸರಳ ಬಹುಮತ ಸಾಕು. ಯಾವ ಮಸೂದೆಗೆ ಎಷ್ಟು ಗಂಟೆ ಎಂಬುದನ್ನು ಕಲಾಪ ಸಲಹಾ ಸಮಿತಿ ಮೊದಲೇ ಹಂಚಿರುತ್ತದೆ. ಇಲಾಖೆಗಳ ಅನುದಾನದ ಬೇಡಿಕೆಗಳಲ್ಲಿ ಚರ್ಚೆಯಾಗದೆ ಉಳಿದದ್ದನ್ನು ಕೊನೆಯ ದಿನ ಗೊತ್ತಾದ ಹೊತ್ತಿಗೆ ಒಟ್ಟಿಗೇ ಮತಕ್ಕೆ ಹಾಕುತ್ತಾರೆ. ಮಾತಿನ ದಾರಿ ಹೀಗೆ ಮುಚ್ಚಿರುವುದರಿಂದಲೇ ನಮ್ಮ ವಿರೋಧ ಪಕ್ಷಗಳು ಸದನದ ಬಾವಿಗೆ ಇಳಿಯುತ್ತವೆ, ಅಹೋರಾತ್ರಿ ಧರಣಿ ಕೂರುತ್ತವೆ. ಗದ್ದಲವನ್ನು ಬೈಯುವವರು ಈ ಕಾರಣವನ್ನೂ ನೋಡಬೇಕು. ಆದರೆ ಗದ್ದಲದಲ್ಲಿ ಮಸೂದೆಯ ಒಂದು ಕಲಮೂ ಜನರ ಕಿವಿಗೆ ಬೀಳುವುದಿಲ್ಲ, ಧ್ವನಿಮತದಲ್ಲಿ ಎಲ್ಲ ಪಾಸಾಗುತ್ತದೆ. ತಡೆಯ ದೃಷ್ಟಿಯಿಂದ ನೋಡಿದರೂ ಅದು ಕೆಟ್ಟ ತಂತ್ರ.

ಗಡುವಿನ ಆಟ ಮಾತ್ರ ನಮ್ಮಲ್ಲೂ ಆಗಾಗ ಕಂಡಿದೆ. 2011ರ ಡಿಸೆಂಬರ್ 29ರಂದು, ಅಧಿವೇಶನದ ಕೊನೆಯ ದಿನ, ರಾಜ್ಯಸಭೆಯಲ್ಲಿ ಲೋಕಪಾಲ ಮಸೂದೆಗೆ 187 ತಿದ್ದುಪಡಿಗಳು ಬಂದಿದ್ದವು. ಚರ್ಚೆ ಮಧ್ಯರಾತ್ರಿ ಮುಟ್ಟಿತು, ಮತಕ್ಕೆ ಹಾಕದೆಯೇ ಸದನವನ್ನು ಅನಿರ್ದಿಷ್ಟಾವಧಿಗೆ ಮುಂದೂಡಲಾಯಿತು. ಮಸೂದೆ ಪಾಸಾಗಲು 2013ರ ಡಿಸೆಂಬರ್ ಬಂತು. ಇನ್ನು ಬೆಂಗಳೂರಿನಲ್ಲಿ 2019ರ ಜುಲೈ 18ಕ್ಕೆ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಮಂಡಿಸಿದ ವಿಶ್ವಾಸಮತ ಮತಕ್ಕೆ ಬಂದದ್ದು 23ಕ್ಕೆ. ಅಲ್ಲಿ ಎಳೆದದ್ದು ಆಡಳಿತ ಪಕ್ಷ. ಅತೃಪ್ತ ಶಾಸಕರಿಗೆ ವಿಪ್ (ಪಕ್ಷದ ಆದೇಶ) ಅನ್ವಯಿಸುತ್ತದೋ ಇಲ್ಲವೋ ಎಂಬ ಕ್ರಿಯಾಲೋಪದಿಂದ ಶುರುವಾಗಿ ದಿನಗಟ್ಟಲೆ ಭಾಷಣ. ರಾಜ್ಯಪಾಲರು ಕೊಟ್ಟ ಗಡುವು ದಾಟಿತು. ವಿರೋಧ ಪಕ್ಷದವರು ಸದನದಲ್ಲೇ ಹಾಸಿಕೊಂಡು ಮಲಗಿದರು. ಕೊನೆಗೆ 99–105. ಹೊತ್ತು ಕೊಳ್ಳುವುದು ಆ ಹೊತ್ತಿನಲ್ಲಿ ಯಾರಾದರೂ ಮನಸ್ಸು ಬದಲಿಸಿಯಾರು ಎಂದು. ಬದಲಿಸಲು ಯಾರೂ ಸಿಗದಿದ್ದರೆ ಗಂಟೆಗಳನ್ನು ಕೊಂಡೂ ಪ್ರಯೋಜನವಿಲ್ಲ.

ನಮ್ಮ ವಿಧಾನ ಪರಿಷತ್ತಿನ ತಡೆಶಕ್ತಿಗೂ ಸಂವಿಧಾನ ಅಳತೆ ಕಟ್ಟಿದೆ. 197ನೇ ವಿಧಿಯಂತೆ ಸಾಮಾನ್ಯ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಕಳಿಸಿದರೆ ಒಂದು ತಿಂಗಳು ಹಿಡಿಯಬಹುದು, ಅಷ್ಟೇ. ಹಣಕಾಸು ಮಸೂದೆಗೆ 14 ದಿನ. ಕೋರಂ ಹತ್ತನೇ ಒಂದು, ಅಂದರೆ 224 ಜನರ ಸಭೆಗೆ 23. ಇಬ್ಬರೇ ಶಾಸಕರ ಜಿಲ್ಲೆಗೆ ಕೈಗೆಟಕುವ ಹತಾರಗಳೆಂದರೆ ಪ್ರಶ್ನೋತ್ತರ, ಗಮನ ಸೆಳೆಯುವ ಸೂಚನೆ, ತಿದ್ದುಪಡಿಗೆ ವಿಭಜನೆ (ತಲೆ ಎಣಿಸುವ ಮತದಾನ) ಕೇಳುವುದು ಮತ್ತು ಬೆಂಚು ಖಾಲಿಯಿದ್ದಾಗ ಕೋರಂ ಎತ್ತುವುದು. ಕೊನೆಯದು ಬಹಳ ಪರಿಣಾಮಕಾರಿ, ಬಹಳ ಕಡಿಮೆ ಬಳಕೆಯದು.

ಹತ್ತಿರದ ಉದಾಹರಣೆ ಬೇಕಾದವರು ಸಹಕಾರ ಸಂಘಗಳ ಮಹಾಸಭೆಗಳನ್ನು ನೋಡಬಹುದು. ಪ್ರಾರ್ಥನೆ, ಸ್ವಾಗತ, ಹಿಂದಿನ ಸಭೆಯ ನಡಾವಳಿ ಓದು, ಲೆಕ್ಕಪರಿಶೋಧನಾ ವರದಿ, ಸನ್ಮಾನ. ಇಷ್ಟಾಗುವಾಗ ಒಂದು ಗಂಟೆ. ಹೊರಗೆ ಊಟದ ಘಮ. ಸದಸ್ಯರು ಕೇಳಬೇಕಾದ ವಿಷಯ ಕಾರ್ಯಸೂಚಿಯ ತಳದಲ್ಲಿ, 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು' ಎಂಬ ಸಾಲಿನಲ್ಲಿರುತ್ತದೆ. ಇಲ್ಲಿ ಎಳೆಯುವವರು ವೇದಿಕೆಯ ಮೇಲಿನವರು, ಗಡುವು ಎಂದರೆ ಹಸಿವು. ಇದಕ್ಕೆ ಮದ್ದು ಸಭೆ ಶುರುವಾದ ಮೊದಲ ಐದು ನಿಮಿಷದಲ್ಲಿದೆ: ಕಾರ್ಯಸೂಚಿಯ ಕ್ರಮ ಬದಲಿಸಲು ಸೂಚನೆ ಮಂಡಿಸಿ, ಅನುಮೋದಕರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು, ನಡಾವಳಿ ಪುಸ್ತಕದಲ್ಲಿ ಬರೆಸುವುದು. ಮುದ್ರಿತ ವರದಿ ಎಲ್ಲರ ಕೈಯಲ್ಲಿದ್ದರೆ 'ಓದಲಾಗಿದೆ ಎಂದು ಭಾವಿಸೋಣ' ಎಂಬ ಸೂಚನೆ ಇನ್ನರ್ಧ ಗಂಟೆ ಉಳಿಸುತ್ತದೆ. ಊಟ ಬಡಿಸಲು ಶುರುವಾದ ಮೇಲೆ ಎದ್ದು ನಿಂತರೆ ಕೇಳಲು ಯಾರೂ ಇರುವುದಿಲ್ಲ.

ಈಗ ಆ 9 ಜನರ ಲೆಕ್ಕಕ್ಕೆ ಮರಳೋಣ. ಅವರ ಕೈಗೆ ಸೆನೆಟ್‌ನ ಮೂರನೇ ಎರಡರ ನಿಯಮ ಸಿಕ್ಕಿದ್ದರೂ ವಿಲೀನ ನಿಲ್ಲುತ್ತಿತ್ತೇ? ರಾಜ್ಯಗಳ ಗಡಿ, ಹೆಸರು ಬದಲಿಸುವುದು ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿನ ಕೆಲಸ. ಮಸೂದೆ ಮಂಡಿಸುವ ಮೊದಲು ರಾಜ್ಯದ ಶಾಸನಸಭೆಯ ಅಭಿಪ್ರಾಯ ತಿಳಿಯಬೇಕಿತ್ತು, ಆದರೆ ಎಷ್ಟು ದಿನದೊಳಗೆ ಎಂದು ಮೂಲದಲ್ಲಿ ಬರೆದಿರಲಿಲ್ಲ. ಕೇಟೊ ಕಂಡರೆ ಕುಣಿದಾಡುವಂಥ ಕಿಂಡಿ ಅದು. ರಾಜ್ಯ ಪುನರ್ವಿಂಗಡಣೆ ಹತ್ತಿರ ಬಂದಾಗ ದೆಹಲಿಗೆ ಇದು ಹೊಳೆಯಿತು. 1955ರ ಡಿಸೆಂಬರ್‌ನಲ್ಲಿ ಸಂವಿಧಾನದ ಐದನೇ ತಿದ್ದುಪಡಿ ಬಂದು, ಅಭಿಪ್ರಾಯ ಕೊಡಲು ರಾಷ್ಟ್ರಪತಿ ಅವಧಿ ನಿಗದಿ ಮಾಡಬಹುದು, ಅದು ಕಳೆದರೆ ಕಾಯಬೇಕಿಲ್ಲ ಎಂದಾಯಿತು. ಕಿಂಡಿ ಮುಚ್ಚಿತು. ಕೊಡಗಿಗೆ ಅದೂ ಲೆಕ್ಕಕ್ಕಿರಲಿಲ್ಲ. ಆಗ ಆ ವಿಧಿ ಅಭಿಪ್ರಾಯ ಕೇಳಬೇಕೆಂದು ಹೆಸರಿಸಿದ್ದು 'ಎ' ಮತ್ತು 'ಬಿ' ವರ್ಗದ ರಾಜ್ಯಗಳನ್ನು ಮಾತ್ರ. ಕೊಡಗು 'ಸಿ' ವರ್ಗದಲ್ಲಿತ್ತು.